ಸಾಲ್ವೇಶನ್ ಆರ್ಮಿ ಅಂಗಡಿ: ಕೋಟು ಚೆನ್ನಾಗಿದೆ, ಲೆಕ್ಕ ಬಾಕಿ ಇದೆ

ದೀಪಾವಳಿ ಪಾಟ್‌ಲಕ್‌ನಲ್ಲಿ ನನ್ನ ಕೋಟು ನೋಡಿ "ಎಲ್ಲಿ ತಗೊಂಡ್ರಿ ಆಂಟಿ?" ಅಂತ ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆ, ಜನ ಕೊಟ್ಟ ಹಳೇ ಸಾಮಾನು ಮಾರುವ ಫ್ಯಾಮಿಲಿ ಸ್ಟೋರ್‌ನಲ್ಲಿ. ಹನ್ನೊಂದು ಡಾಲರ್. ಪೂರ್ತಿ ಉಣ್ಣೆ, ಒಳಗೆ ಸ್ಯಾಟಿನ್ ಅಸ್ತರು, ಒಂದು ಗುಂಡಿ ಮಾತ್ರ ಬೇರೆ ಬಣ್ಣದ್ದು. ಹೊಸದಾಗಿ ಮಾಲ್‌ನಲ್ಲಿ ಇಂಥದ್ದೇ ಕೋಟಿನ ಚೀಟಿ ತಿರುಗಿಸಿ ನೋಡಿ ಮೆಲ್ಲಗೆ ವಾಪಸ್ ನೇತುಹಾಕಿ ಬಂದಿದ್ದೆ.

ಮಗನ ಮನೆ ಶಿಕಾಗೊದ ಪಶ್ಚಿಮಕ್ಕಿರುವ ಉಪನಗರಗಳಲ್ಲೊಂದರಲ್ಲಿ. ನಾನು ಬಂದಿದ್ದು ಅಕ್ಟೋಬರಿನಲ್ಲಿ, ಆರು ತಿಂಗಳಿಗೆ. ಬೆಂಗಳೂರಿನ ಸ್ವೆಟರ್ ಇಲ್ಲಿನ ಚಳಿಗೆ ಯಾವ ಮೂಲೆಗೆ? "ಹೊಸದು ಕೊಡಿಸ್ತೀನಿ ಅಮ್ಮ, ಯಾರೋ ಹಾಕಿ ಬಿಟ್ಟ ಬಟ್ಟೆ ಯಾಕೆ" ಅಂತ ಮಗ ಮುಖ ಸಿಂಡರಿಸಿದ. ಸೊಸೆ ಮಾತ್ರ "ಅತ್ತೆ, ಒಂದು ಸಲ ನೋಡಿ ಬರೋಣ ಬನ್ನಿ" ಅಂತ ಕಾರು ತೆಗೆದಳು. ಮೈಲಿಗೆ ಅನ್ನಿಸಲಿಲ್ಲವೇ ಅಂತ ಕೇಳಿದವರೂ ಇದ್ದಾರೆ. ಡ್ರೈ ಕ್ಲೀನಿಂಗ್‌ಗೆ ಕೊಟ್ಟ ಮೇಲೆ ಯಾವ ಮೈಲಿಗೆ? ಹಳೇ ಜರಿ ಸೀರೆ ಹಾಕಿ ಸ್ಟೀಲ್ ಕೊಳದಪ್ಪಲೆ ಈಸಿಕೊಳ್ಳುವಾಗ ಆ ಸೀರೆ ಎಲ್ಲಿಗೆ ಹೋಗುತ್ತೆ ಅಂತ ನಾವು ಯಾವತ್ತಾದರೂ ವಿಚಾರಿಸಿದ್ದೇವಾ? ಇದೂ ಅದೇ ವ್ಯಾಪಾರ, ಎ.ಸಿ. ಹಾಕಿದ ಗೋಡೌನಿನಲ್ಲಿ.

ಅಂಗಡಿ ದೊಡ್ಡದು. ಬಟ್ಟೆ ಅಳತೆ ಪ್ರಕಾರ, ಕೆಲವು ಕಡೆ ಬಣ್ಣದ ಪ್ರಕಾರ ಜೋಡಿಸಿರುತ್ತಾರೆ. ಬೆಲೆ ಚೀಟಿಗಳಿಗೆ ಬೇರೆ ಬೇರೆ ಬಣ್ಣ. ಇಂಥ ದಿನ ಇಂಥ ಬಣ್ಣದ ಚೀಟಿಗೆ ಅರ್ಧ ಬೆಲೆ ಅಂತ ಬೋರ್ಡು ಹಾಕಿರುತ್ತಾರೆ. ಒಳಗೆ ಹೋದ ಕೂಡಲೇ ಮೊದಲು ಆ ಬೋರ್ಡು ಓದಿ. ಕೋಟು, ಜಾಕೆಟ್ಟು ತಗೊಳ್ಳುವಾಗ ಝಿಪ್ಪನ್ನು ಮೇಲಿಂದ ಕೆಳಗೆ ಎರಡು ಸಲ ಎಳೆಯಿರಿ, ಕಂಕುಳ ಹೊಲಿಗೆ ನೋಡಿ, ಜೇಬಿಗೆ ಕೈ ಹಾಕಿ. ನನ್ನ ಕೋಟಿನ ಜೇಬಿನಲ್ಲಿ ಯಾವುದೋ ಸಂಗೀತ ಕಚೇರಿಯ ಹರಿದ ಟಿಕೆಟ್ ಇತ್ತು.

ಪಾತ್ರೆ ಸಾಲಿಗೆ ಬಂದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕೊರೆಲ್ ತಟ್ಟೆ ಬಿಡಿಬಿಡಿಯಾಗಿ ಸಿಗುತ್ತವೆ, ಒಂದೇ ಚಿತ್ತಾರದ ಆರು ಬೇಕು ಅಂತ ಹಟ ಹಿಡಿದರೆ ಆಗುವುದಿಲ್ಲ. ಪೈರೆಕ್ಸ್ ಬಟ್ಟಲುಗಳು, ಬೀಡು ಕಬ್ಬಿಣದ ಬಾಣಲಿ (ತುಕ್ಕು ಹಿಡಿದಿದ್ದರೂ ಹೆದರಬೇಡಿ, ಉಪ್ಪು ಹಾಕಿ ಉಜ್ಜಿ ಎಣ್ಣೆ ಸವರಿ ಕಾಯಿಸಿದರೆ ದೋಸೆ ಎದ್ದು ಬರುತ್ತೆ), ಉಪಯೋಗಿಸದ ಬ್ರೆಡ್ ಮಷೀನು. ಅವುಗಳ ನಡುವೆ ಒಂದು ಸ್ಟೀಲ್ ಚೊಂಬು, ಕಂಠದ ಹತ್ತಿರ ತೆಲುಗಿನಲ್ಲಿ ಹೆಸರು ಕೊರೆಸಿದ್ದು. ಯಾರ ಮದುವೆಗೆ ಯಾರು ಕೊಟ್ಟಿದ್ದೋ. ಅದಕ್ಕೆ "ಹೂದಾನಿ" ಅಂತ ಚೀಟಿ ಅಂಟಿಸಿದ್ದರು. ಎರಡು ಡಾಲರ್ ಕೊಟ್ಟು ಬಿಡಿಸಿಕೊಂಡು ಬಂದೆ. ಈಗ ನೀರು ಕಾಯಿಸುವುದು ಅದರಲ್ಲೇ.

ವ್ಯಾಪಾರದ ವಿಷಯ ಇಷ್ಟು. ಬರೆಯಬೇಕಾಗಿದ್ದು ಈ ಅಂಗಡಿಯ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನುವುದರ ಬಗ್ಗೆ. ಬ್ಯಾಂಕಿನ ಸಾಲದ ವಿಭಾಗದಲ್ಲಿ ತಲೆ ನರೆಸಿಕೊಂಡವಳು ನಾನು, ರಸೀದಿ ಕಂಡರೆ ಹಿಂದೆ ತಿರುಗಿಸಿ ಓದುವ ಚಾಳಿ ಹೋಗಿಲ್ಲ. ನಾವು ಅಲ್ಲಿ ಕೊಟ್ಟ ಸಾಮಾನು, ಕೊಂಡ ಸಾಮಾನು ಎರಡರ ದುಡ್ಡೂ 'ಅಡಲ್ಟ್ ರಿಹ್ಯಾಬಿಲಿಟೇಶನ್ ಸೆಂಟರ್' ಅನ್ನುವ ಕೇಂದ್ರಗಳನ್ನು ನಡೆಸುತ್ತದೆ. ಕುಡಿತ, ಡ್ರಗ್ಸ್‌ಗೆ ಬಿದ್ದು ಮನೆ ಮಠ ಕಳೆದುಕೊಂಡವರು ಸುಮಾರು ಆರು ತಿಂಗಳು ಅಲ್ಲೇ ಉಳಿಯುತ್ತಾರೆ. ಊಟ, ಹಾಸಿಗೆ, ಕೌನ್ಸೆಲಿಂಗ್, ಚಟ ಬಿಡುವವರ ಹನ್ನೆರಡು ಹೆಜ್ಜೆಗಳ ಸಭೆ, ಬೈಬಲ್ ಪಾಠ, ಪ್ರಾರ್ಥನೆ ಎಲ್ಲ ಉಂಟು. ಫೀಸು ಇಲ್ಲ. ಬದಲಿಗೆ ಕೆಲಸ ಮಾಡಬೇಕು, ಹೆಚ್ಚುಕಡಿಮೆ ವಾರಕ್ಕೆ 40 ಗಂಟೆ. ಗೋಡೌನಿನಲ್ಲಿ ಬಟ್ಟೆ ವಿಂಗಡಿಸುವುದು, ಲಾರಿಯಿಂದ ಸಾಮಾನು ಇಳಿಸುವುದು, ಹತ್ತಿಸುವುದು. ಇದಕ್ಕೆ ಅವರು ಕೊಟ್ಟಿರುವ ಹೆಸರು ವರ್ಕ್ ಥೆರಪಿ. ಅಂಗಡಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ನಿಂತಿರುವವರು ಬೇರೆ, ಅವರು ಸಾಮಾನ್ಯವಾಗಿ ಸಂಬಳದವರು. ಕೇಂದ್ರದವರು ನಮಗೆ ಕಾಣಿಸುವುದು ಅಪರೂಪ.

ನನಗೆ ಕಾಣಿಸಿದ್ದು ಸೋಫಾ ದೆಸೆಯಿಂದ. ಮಗ ಹೊಸ ಸೋಫಾ ತರಿಸಿದ, ಹಳೆಯದನ್ನು ಏನು ಮಾಡುವುದು? ಫೋನು ಮಾಡಿದರೆ ಲಾರಿ ಮನೆ ಬಾಗಿಲಿಗೇ ಬರುತ್ತೆ, ನಮ್ಮ ಕೈಯಿಂದ ಚಿಕ್ಕಾಸೂ ಇಲ್ಲ. ಮಗುವಿನ ತೊಟ್ಟಿಲು ಬೇಡ, ಹಳೇ ಡಬ್ಬಾ ಟೀವಿ ಬೇಡ ಅಂತ ಫೋನಿನಲ್ಲೇ ಹೇಳಿದರು. ಕೆಂಪು ಗುರಾಣಿಯ ಗುರುತಿನ ಲಾರಿ, ಅದರಲ್ಲಿ ಇಬ್ಬರು. ಡ್ರೈವರು ಸಂಬಳದವನು. ಜೊತೆಗಿದ್ದವನು ಕೇಂದ್ರದವನು, ನಲವತ್ತೈದರ ಆಸುಪಾಸು, ಮೊಣಕೈವರೆಗೆ ಹಚ್ಚೆ. ಸೋಫಾ ಎತ್ತುವ ಮುಂಚೆ ಮೆತ್ತೆಗಳನ್ನು ಒಂದೊಂದಾಗಿ ತೆಗೆದು, ಗ್ಲೌಸ್ ಬಿಚ್ಚಿ, ಬರಿಗೈಯನ್ನು ಸಂದಿಯ ಉದ್ದಕ್ಕೂ ತಳದವರೆಗೆ ಓಡಿಸಿದ. ಒಂದು ಪೆನ್ಸಿಲು, ಮೊಮ್ಮಗಳ ಲೆಗೊ ಗೊಂಬೆಯ ತಲೆ, ನಾಲ್ಕು ನಾಣ್ಯ ಹೊರಗೆ ಬಂದವು. ನಾಣ್ಯಗಳನ್ನು ನನ್ನ ಅಂಗೈ ಮೇಲೆ ಇಟ್ಟು "ನಿಮ್ಮದು ಮೇಡಂ" ಅಂದ. ಒಂದು ಕ್ವಾರ್ಟರ್, ಒಂದು ಡೈಮ್, ಒಂದು ನಿಕಲ್, ಒಂದು ಪೆನ್ನಿ. 41 ಸೆಂಟ್. ಕ್ಯಾಶ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಎಷ್ಟು ಮೊತ್ತ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಚಹಾ ಮಾಡಿಕೊಟ್ಟೆ. ಶುಂಠಿ ಏಲಕ್ಕಿ ಹಾಕಿದ್ದಕ್ಕೆ ಡ್ರೈವರ್ ಮೂಗು ಮುರಿದ, ಇವನು ಪೂರ್ತಿ ಕುಡಿದ. ಎಷ್ಟು ದಿನದಿಂದ ಇದ್ದೀಯಪ್ಪ ಅಂತ ಕೇಳಿದೆ. ಐದನೇ ತಿಂಗಳು ಅಂದ. ಮುಗಿದ ಮೇಲೆ? "ಅದೇ ಯೋಚನೆ" ಅಂದ. ಎಲ್ಲಿ ಮನೆ ಕೇಳಿದರೂ ಮೊದಲ ತಿಂಗಳ ಬಾಡಿಗೆ, ಮೇಲೊಂದು ಡಿಪಾಸಿಟ್, ಜೊತೆಗೆ ಹಿಂದಿನ ದಾಖಲೆ ಎಲ್ಲ ಕೇಳುತ್ತಾರಂತೆ. ಅಷ್ಟರಲ್ಲಿ ಡ್ರೈವರು ರಸೀದಿಗೆ ಸಹಿ ಹಾಕಿಸಿಕೊಂಡ. ಆ ರಸೀದಿ ಆದಾಯ ತೆರಿಗೆಗೆ ಅಂತ ಕೊಡುವುದು. ಆದರೆ 2018ರಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಯಾವ ರಸೀದಿಯೂ ತೋರಿಸದೆ ಸಿಗುವ ತೆರಿಗೆ ಕಡಿತ) ಹೆಚ್ಚುಕಡಿಮೆ ದುಪ್ಪಟ್ಟಾದ ಮೇಲೆ ಬಹಳಷ್ಟು ಮನೆಗಳಿಗೆ ಸೋಫಾ ಕೊಟ್ಟ ರಸೀದಿಯಿಂದ ಏನೂ ಉಳಿಯುವುದಿಲ್ಲ, ನನ್ನ ಮಗನಿಗೂ ಉಳಿಯಲಿಲ್ಲ.

ಹಳೇ ಸಾಮಾನು ಮಾರಿ ಜನರನ್ನು ಸಾಕುವ ಈ ಉಪಾಯ ಹೊಳೆದದ್ದು ಯಾರಿಗೆ ಅಂತ ಹುಡುಕಿದರೆ, ಗಿರವಿ ಅಂಗಡಿಯಲ್ಲಿ ಬೆಳೆದ ಹುಡುಗನಿಗೆ. ವಿಲಿಯಂ ಬೂತ್ ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ. ಹದಿಮೂರನೇ ವಯಸ್ಸಿಗೆ ಗಿರವಿ ಅಂಗಡಿಗೆ ಕೆಲಸ ಕಲಿಯಲು ಸೇರಿದ. ಬಡವರು ಏನನ್ನು ಅಡ ಇಡುತ್ತಾರೆ, ಯಾವುದನ್ನು ಬಿಡಿಸಿಕೊಳ್ಳಲಾರದೆ ಹೋಗುತ್ತಾರೆ ಅನ್ನುವುದು ಗಿರವಿಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಚಿನ್ನದ ಸಾಲ ಕೊಟ್ಟು ಹರಾಜು ನೋಟೀಸಿಗೆ ಸಹಿ ಹಾಕಿದವಳು ನಾನು, ಈ ಮಾತು ಬೇರೆಯವರಿಂದ ಕೇಳಬೇಕಾಗಿಲ್ಲ. 1865ರಲ್ಲಿ ಅವನೂ ಹೆಂಡತಿ ಕ್ಯಾಥರೀನ್ ಬೂತ್‌ಳೂ ಪೂರ್ವ ಲಂಡನ್ನಿನ ಕೊಳೆಗೇರಿಯಲ್ಲಿ ಒಂದು ಮಿಷನ್ ಶುರುಮಾಡಿದರು. 1878ರಲ್ಲಿ ಅದಕ್ಕೆ ಸೈನ್ಯದ ಹೆಸರು, ಸಮವಸ್ತ್ರ, ಜನರಲ್, ಕ್ಯಾಪ್ಟನ್ ಅನ್ನುವ ಪದವಿಗಳು ಬಂದವು. ಸೂಪು, ಸೋಪು, ಸಾಲ್ವೇಶನ್: ಇದೇ ಕ್ರಮದಲ್ಲಿ, ಮೊದಲು ಹೊಟ್ಟೆಗೆ, ಆಮೇಲೆ ಸ್ನಾನ, ಕೊನೆಗೆ ಉಪದೇಶ. ಅಮೆರಿಕಕ್ಕೆ ಬಂದದ್ದು 1880ರಲ್ಲಿ. 1897ರಲ್ಲಿ ನ್ಯೂಯಾರ್ಕಿನ ಗಂಡಸರ ವಸತಿಗೃಹವೊಂದರ ನೆಲಮಾಳಿಗೆಯಿಂದ ಅಲ್ಲಿನವರು ತಳ್ಳುಗಾಡಿ ತಗೊಂಡು ಮನೆಮನೆಗೆ ಹೋಗಿ ಹಳೇ ಸಾಮಾನು ತಂದು, ರಿಪೇರಿ ಮಾಡಿ ಮಾರಲು ಶುರುಮಾಡಿದರು. ಮಗನ ಮನೆ ಮುಂದೆ ನಿಂತ ಲಾರಿ ಆ ತಳ್ಳುಗಾಡಿಯ ಮರಿಮಗ.

ನಮ್ಮ ದೇಶಕ್ಕೆ ಇವರು ಬಂದದ್ದೂ ಹೊಸದಲ್ಲ. ಫ್ರೆಡರಿಕ್ ಟಕರ್ ಅಂತ ಒಬ್ಬ ಐ.ಸಿ.ಎಸ್. ಅಧಿಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು 1882ರ ಸೆಪ್ಟೆಂಬರಿನಲ್ಲಿ ಸಣ್ಣ ತಂಡ ಕಟ್ಟಿಕೊಂಡು ಮುಂಬಯಿಯಲ್ಲಿ ಇಳಿದ. ಕಾವಿ ಬಟ್ಟೆ, ಬರಿಗಾಲು, ಫಕೀರ್ ಸಿಂಗ್ ಅನ್ನುವ ಹೆಸರು. ಸಂಸ್ಥೆಗೆ ಮುಕ್ತಿ ಫೌಜ್ ಅಂತ ಹೆಸರು. ಬಿಳಿಯ ದೊರೆಯೊಬ್ಬ ಹೀಗೆ ಬೀದಿಗಿಳಿದದ್ದು ಬ್ರಿಟಿಷ್ ಸರ್ಕಾರಕ್ಕೇ ಸರಿಬರದೆ ಮೆರವಣಿಗೆ ಹೋಗಿದ್ದಕ್ಕೆ ಹಿಡಿದು ಹಾಕಿದರು. ಮುಂದೆ ಅದೇ ಸಂಸ್ಥೆ ಸರ್ಕಾರದ ಜೊತೆ ಕೈಜೋಡಿಸಿ, 'ಅಪರಾಧಿ ಬುಡಕಟ್ಟು' ಅಂತ ಹಣೆಪಟ್ಟಿ ಹಚ್ಚಿದ ಸಮುದಾಯಗಳ ವಸತಿಗಳನ್ನು ನಡೆಸಿತು, ಅದನ್ನೂ ಮರೆಯಬಾರದು.

ನನ್ನ ಮನೆಗೆ ಹತ್ತಿರದ ವಿಷಯವೂ ಒಂದಿದೆ. ತ್ಯಾಗರಾಜನಗರದವಳಾದ ನನಗೆ ಟಾಟಾ ಸಿಲ್ಕ್ ಫಾರಂ ಅಂದರೆ ಬಸ್ ಸ್ಟಾಪು ಅಷ್ಟೇ ಆಗಿತ್ತು. ಜಮ್‌ಷೆಡ್‌ಜಿ ಟಾಟಾ ಜಪಾನಿನಿಂದ ಪರಿಣತರನ್ನು ಕರೆಸಿ, ಮೈಸೂರು ಸರ್ಕಾರದ ನೆರವಿನಿಂದ ಅಲ್ಲಿ ರೇಷ್ಮೆ ಫಾರಂ ತೆರೆದಿದ್ದರು. ಅವರ ಕಾಲಾನಂತರ ಆ ಫಾರಂ ನಡೆಸುವ ಹೊಣೆ ಹೋದದ್ದು ಈ ಸಾಲ್ವೇಶನ್ ಆರ್ಮಿಯ ಕೈಗೆ. ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಹುಳು ಸಾಕಿ ನೂಲು ತೆಗೆಯುವ ಕೆಲಸವನ್ನು ಬಡವರಿಗೆ ಕಲಿಸಿದರೆ ಅವರು ಕಾಲ ಮೇಲೆ ನಿಲ್ಲುತ್ತಾರೆ ಅನ್ನುವುದು ಅವರ ಲೆಕ್ಕ. ಬೆಂಗಳೂರಾಗಲಿ ಶಿಕಾಗೊವಾಗಲಿ, ಕೈಗೆ ಕೆಲಸ ಕೊಡು ಮನುಷ್ಯ ಸರಿಹೋಗುತ್ತಾನೆ ಅನ್ನುವ ನಂಬಿಕೆಯನ್ನು ಇವರು ಬಿಟ್ಟೇ ಇಲ್ಲ.

ಜಗಳ ಇರುವುದೂ ಅಲ್ಲೇ. ಆ 40 ಗಂಟೆ ಚಿಕಿತ್ಸೆಯೋ, ಕೂಲಿಯೋ?

1990ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಕೇಂದ್ರದಲ್ಲಿ ದುಡಿಯುವವರಿಗೆ ಕನಿಷ್ಠ ವೇತನ ಕೊಡಿ ಅಂತ ಸಂಸ್ಥೆಗೆ ಹೇಳಿ, ಗಲಾಟೆ ಆದ ಮೇಲೆ ಹಿಂದೆ ಸರಿಯಿತು. ಅದಕ್ಕೆ ಐದು ವರ್ಷ ಮುಂಚೆ, 1985ರಲ್ಲಿ, ಆರ್ಕಾನ್ಸಾದ ಅಲಾಮೊ ಫೌಂಡೇಶನ್ ಅನ್ನುವ ಬೇರೊಂದು ಕ್ರೈಸ್ತ ಸಂಸ್ಥೆಯ ಮೇಲಿನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅಲ್ಲಿ ಪೆಟ್ರೋಲ್ ಬಂಕು, ಬಟ್ಟೆ ಅಂಗಡಿ, ಹಂದಿ ಫಾರಂಗಳಲ್ಲಿ ದುಡಿಯುತ್ತಿದ್ದವರು ಚಟ ಬಿಟ್ಟವರು, ಬೀದಿಯಿಂದ ಬಂದವರು. "ನಮಗೆ ಸಂಬಳ ಬೇಡ, ಇದು ದೇವರ ಕೆಲಸ" ಅಂತ ಅವರೇ ಸಾಕ್ಷಿ ಹೇಳಿದರು. ಕೋರ್ಟು ಒಪ್ಪಲಿಲ್ಲ. ಊಟ ವಸತಿಯ ನಿರೀಕ್ಷೆಯಿಂದ ದುಡಿದರೆ ಅದೂ ಸಂಬಳವೇ, ಅವರು ನೌಕರರೇ ಅಂದಿತು. ಸಾಲ್ವೇಶನ್ ಆರ್ಮಿಯ ಕೇಂದ್ರಗಳಲ್ಲಿ ಇದ್ದು ಹೋದವರು 2021ರಿಂದ ಈಚೆಗೆ ಹಲವು ರಾಜ್ಯಗಳಲ್ಲಿ ಮೊಕದ್ದಮೆ ಹೂಡಿದ್ದಾರೆ. ವಾರಕ್ಕೆ ಕೈಖರ್ಚಿಗೆ ಕೆಲವೇ ಡಾಲರ್ ಕೊಡುತ್ತಾರೆ, ಸರ್ಕಾರದಿಂದ ಬರುವ ಆಹಾರ ಭತ್ಯೆಯನ್ನೂ ಬರೆಸಿಕೊಳ್ಳುತ್ತಾರೆ ಅನ್ನುವುದು ದೂರು. ಇವರು ನೌಕರರಲ್ಲ, ಫಲಾನುಭವಿಗಳು, ಕೆಲಸ ಚಿಕಿತ್ಸೆಯ ಭಾಗ ಅನ್ನುವುದು ಸಂಸ್ಥೆಯ ವಾದ.

ನಾನು ಎರಡು ಕಾಲಂ ಗೀಚಿ ಲೆಕ್ಕ ಹಾಕಿದೆ. ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಒಂದು ಸೆಂಟೂ ಏರಿಲ್ಲ. 40 ಗಂಟೆಗೆ 290 ಡಾಲರ್. 26 ವಾರಕ್ಕೆ 7,540. ಇಲಿನಾಯ್ ರಾಜ್ಯದಲ್ಲಿ 2025ರಿಂದ ಗಂಟೆಗೆ 15 ಡಾಲರ್, ಆ ಲೆಕ್ಕದಲ್ಲಿ 15,600. ಇನ್ನೊಂದು ಕಡೆ ಆರು ತಿಂಗಳ ಊಟ, ಹಾಸಿಗೆ, ಕೌನ್ಸೆಲಿಂಗ್. ಖಾಸಗಿ ಕೇಂದ್ರದಲ್ಲಿ ಇದೇ ಆರು ತಿಂಗಳಿಗೆ ಮೊದಲ ಕಾಲಮ್ಮಿನ ದುಡ್ಡು ಸಾಲುವುದೇ ಇಲ್ಲ. ಹಾಗಾಗಿ "ಶೋಷಣೆ" ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಳ್ಳೆ ಸಾಲಗಾರನ ಕಡತವನ್ನು ಹೇಗೆ ನೋಡುತ್ತೇವೆ? ಕೊನೇ ಕಂತಿನ ದಿನ ಇವನ ಕೈಯಲ್ಲಿ ಏನು ಉಳಿಯುತ್ತೆ ಅಂತ. ಆರು ತಿಂಗಳು ಬಾಯಿಗೆ ಒಂದು ತೊಟ್ಟು ಹಾಕದೆ, ಬೆಳಗ್ಗೆ ಎದ್ದು ಹಾಸಿಗೆ ಮಡಿಸಿ, ಯಾರದೋ ಸೋಫಾದಲ್ಲಿ ಸಿಕ್ಕ 41 ಸೆಂಟನ್ನೂ ಹಿಂತಿರುಗಿಸಿದ ಮನುಷ್ಯ ಬಾಗಿಲು ದಾಟುವ ದಿನ ಬಾಡಿಗೆ ಮನೆಯ ಮುಂಗಡಕ್ಕೂ ದುಡ್ಡಿಲ್ಲದಿದ್ದರೆ ಮತ್ತೆ ಹೋಗುವುದು ಹಳೇ ಬೀದಿಗೆ, ಹಳೇ ಸ್ನೇಹಿತರ ಹತ್ತಿರಕ್ಕೆ. ಆರು ತಿಂಗಳ ಶ್ರಮವೂ ನಾನು ಕೊಟ್ಟ ಹನ್ನೊಂದು ಡಾಲರೂ ನೀರಲ್ಲಿ ಹೋಮ.

ಕೇಳಿದರೆ ನಾನು ಹೇಳುವುದು ಇಷ್ಟೇ: ಕೈಗೆ ಕೊಡಬೇಡಿ, ಕೈಗೆ ಕೊಟ್ಟರೆ ಎಲ್ಲಿಗೆ ಹೋಗುತ್ತೆ ಅಂತ ನಮಗೂ ಗೊತ್ತು. ಅವರ ಹೆಸರಿನಲ್ಲಿ ಒಂದು ಆರ್.ಡಿ. ತೆಗೆಯಿರಿ. ವಾರ ವಾರ ದುಡಿಮೆಯ ಒಂದು ಪಾಲು ಅದಕ್ಕೆ ಬೀಳಲಿ, ಕೋರ್ಸು ಮುಗಿದ ದಿನ ಬಡ್ಡಿ ಸಮೇತ ಮನೆ ಮಾಲೀಕನ ಹೆಸರಿಗೆ ಚೆಕ್ಕು ಹೋಗಲಿ. ಮೆಕ್‌ಡೊನಾಲ್ಡ್ಸ್ ಕಟ್ಟಿದ ರೇ ಕ್ರಾಕ್‌ನ ಹೆಂಡತಿ ಜೋನ್ ಕ್ರಾಕ್ 2003ರಲ್ಲಿ ತೀರಿಕೊಂಡಾಗ ಈ ಸಂಸ್ಥೆಗೆ 150 ಕೋಟಿ ಡಾಲರಿಗೂ ಮೀರಿ ಬರೆದಿಟ್ಟಿದ್ದರು. ಆ ದುಡ್ಡು ಸಮುದಾಯ ಕೇಂದ್ರಗಳಿಗೆ ಅಂತ ಮೀಸಲು, ಶಿಕಾಗೊದ ದಕ್ಷಿಣದಲ್ಲೂ ಒಂದಿದೆ. ಅದರಿಂದ ತೆಗೆಯಿರಿ ಅನ್ನುವ ಹಾಗಿಲ್ಲ. ಆದರೆ ಅಷ್ಟು ದೊಡ್ಡ ದತ್ತಿಯನ್ನು ನಿಭಾಯಿಸುವ ಸಂಸ್ಥೆಗೆ ಆರ್.ಡಿ. ಲೆಕ್ಕ ಇಡುವುದು ಬ್ರಹ್ಮವಿದ್ಯೆಯೇನಲ್ಲ.

ಇನ್ನು ಮಗ ಕೇಳಿದ ಪ್ರಶ್ನೆ, ನೀವೂ ಕೇಳುತ್ತೀರಿ: ಮತಾಂತರ ಮಾಡುತ್ತಾರಾ? ಅಂಗಡಿಯಲ್ಲಿ ಯಾರೂ ನನ್ನ ಹತ್ತಿರ ಏಸುವಿನ ಮಾತೆತ್ತಲಿಲ್ಲ, ಕುಂಕುಮ ನೋಡಿ ಮುಖ ತಿರುಗಿಸಲಿಲ್ಲ. ಕೇಂದ್ರದ ವಿಷಯ ಬೇರೆ. ಇದು ಚರ್ಚೇ, ಅದನ್ನು ಅವರು ಮುಚ್ಚಿಟ್ಟಿಲ್ಲ, ಪ್ರಾರ್ಥನೆ ಅಲ್ಲಿನ ದಿನಚರಿಯಲ್ಲೇ ಇದೆ. ಮಠದಲ್ಲಿ ಪಂಕ್ತಿಗೆ ಕೂತಾಗ ಗೋವಿಂದ ಅನ್ನದೆ ಎಲೆಗೆ ಕೈ ಹಾಕುತ್ತೇವಾ? ಹಾಗೆಯೇ ಇದು ಅಂತ ಹೇಳಬಹುದು. ಆದರೆ ಮಠದ ಊಟ ಬೇಡವೆಂದರೆ ನಾನು ಹೋಟೆಲಿಗೆ ಹೋಗಬಲ್ಲೆ. ಅಲ್ಲಿ ಮಲಗಿರುವವನಿಗೆ ಬೇರೆ ಬಾಗಿಲು ಇಲ್ಲ. ದೇವರನ್ನು ನಂಬದವನಿಗೂ ಬೇರೆ ದೇವರ ಭಕ್ತನಿಗೂ ಇದು ಹೊಂದುವ ಜಾಗವಲ್ಲ ಅನ್ನುವುದನ್ನು ತಿಳಿದೇ ಸೇರಬೇಕು. ಕೆಲವರಿಗೆ ಆ ಪ್ರಾರ್ಥನೆಯೇ ಊರುಗೋಲು ಆಗಿರುತ್ತೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಂಡದ್ದು ನಮ್ಮ ಮನೆಯಲ್ಲೇ. ದೊಡ್ಡಕ್ಕನ ಯಜಮಾನರು, ನಮ್ಮ ಭಾವ, ಸಂಬಳದ ದಿನ ಮನೆಗೆ ಬರುತ್ತಿದ್ದುದೇ ಆಟೋದವನ ಹೆಗಲ ಮೇಲೆ. ಊರಾಚೆಯ ಒಂದು ಕುಡಿತ ಬಿಡಿಸುವ ಕೇಂದ್ರಕ್ಕೆ ಹಾಕಿದೆವು. ಹೆಸರು ಬೇಡ. ಮುಂಗಡ ಎಂಬತ್ತು ಸಾವಿರ, ರಸೀದಿ ಕೇಳಿದ್ದಕ್ಕೆ "ನಂಬಿಕೆ ಇಲ್ವಾ ಮೇಡಂ" ಅಂದರು. ಫೋನು ಕಿತ್ತಿಟ್ಟುಕೊಂಡರು, ಅಕ್ಕ ಹೋದರೆ ಕಿಟಕಿಯಿಂದ ಮುಖ ತೋರಿಸುತ್ತಿದ್ದರು. ಕುಡಿತ ಒಮ್ಮೆಗೇ ನಿಲ್ಲಿಸಿದ ಎರಡನೇ ಮೂರನೇ ದಿನ ಕೈಕಾಲು ನಡುಗಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಆ ಹೊತ್ತಿಗೆ ಡಾಕ್ಟರು ಇರಲೇಬೇಕು. ಅಲ್ಲಿ ಡಾಕ್ಟರು ಬರುತ್ತಿದ್ದುದು ವಾರಕ್ಕೊಮ್ಮೆ. ಭಾವ ಬದುಕಿ ಬಂದದ್ದು ಪುಣ್ಯ. ಬಂದ ಸಂಜೆಯೇ ಬಾರಿಗೆ ಹೋದರು. ಕೊನೆಗೆ ಕೈ ಹಿಡಿದದ್ದು ನಿಮ್ಹಾನ್ಸ್ ಔಷಧಿ, ಅದರ ಜೊತೆಗೆ ಚರ್ಚ್ ಶಾಲೆಯ ಒಂದು ಕೋಣೆಯಲ್ಲಿ ಸಂಜೆ ನಡೆಯುತ್ತಿದ್ದ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ) ಸಭೆ. ಮೂರು ಹೊತ್ತು ಸಂಧ್ಯಾವಂದನೆ ಮಾಡುವ ಭಾವ ಅಲ್ಲಿ ಮರದ ಬೆಂಚಿನ ಮೇಲೆ ಕೂತು, ಬದಲಿಸಲಾಗದ್ದನ್ನು ಒಪ್ಪುವ ಶಾಂತಿ ಕೊಡು ಅನ್ನುವ ಪ್ರಾರ್ಥನೆಯನ್ನು ಎಲ್ಲರ ಜೊತೆ ಹೇಳುತ್ತಿದ್ದರು. 1935ರಲ್ಲಿ ಅಮೆರಿಕದ ಇಬ್ಬರು ಕುಡುಕರು ಸೇರಿ ಶುರುಮಾಡಿದ ಆ ಎ.ಎ.ಗೂ ಬೇರು ಒಂದು ಕ್ರೈಸ್ತ ಚಳವಳಿಯಲ್ಲೇ ಇದೆ. ಆದರೆ ದೇವರನ್ನು "ನಾವು ತಿಳಿದ ಹಾಗೆ" ಅಂತ ಬಿಟ್ಟುಕೊಟ್ಟಿದ್ದರಿಂದ ಭಾವನ ನರಸಿಂಹನಿಗೂ ಅಲ್ಲಿ ಜಾಗ ಸಿಕ್ಕಿತು. ಸಾಯುವವರೆಗೂ ಮತ್ತೆ ಮುಟ್ಟಲಿಲ್ಲ.

ಆದ್ದರಿಂದ ಊರಿನಲ್ಲಿ ಯಾರನ್ನಾದರೂ ಇಂಥ ಕಡೆ ಸೇರಿಸುವವರು, ಅದು ಚರ್ಚಿನದಾಗಲಿ ಮಠದ್ದಾಗಲಿ, ಬಾಗಿಲಲ್ಲೇ ಕೇಳಬೇಕಾದ್ದನ್ನು ಕೇಳಿಬಿಡಿ. ಮೊದಲ ವಾರ ರಾತ್ರಿ ಡಾಕ್ಟರು ಇರುತ್ತಾರಾ? ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ? 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವ ಹಾಗಿಲ್ಲ. ಹೆರಾಯಿನ್ ಥರದ ಚಟವಾದರೆ ಅದರ ಚಿಕಿತ್ಸೆಗೆ ಡಾಕ್ಟರು ಕೊಡುವ ಬ್ಯೂಪ್ರೆನಾರ್ಫಿನ್, ಮೆಥಡೋನ್ ಔಷಧಿ ತಗೊಳ್ಳಲು ಬಿಡುತ್ತಾರಾ? ಪ್ರಾರ್ಥನೆ ಸಾಕು ಮಾತ್ರೆ ಬೇಡ ಅನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಏಮ್ಸ್‌ನವರು ಮಾಡಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ ಅಂತಿದೆ. ಉಳಿದ 37 ಜನ ಊರಾಚೆಯ ಇಂಥ ಕೇಂದ್ರಗಳಿಗೆ ಗಿರಾಕಿಗಳು.

ಸಾಲ್ವೇಶನ್ ಆರ್ಮಿಯ ಕೇಂದ್ರ ಎಲ್ಲರಿಗೂ ಅಲ್ಲ ಅನ್ನುವುದನ್ನೂ ಹೇಳಬೇಕು. ದುಡಿಯುವ ಮೈಕಟ್ಟು ಇರಬೇಕು. ಶಿಕಾಗೊ ಡೌನ್‌ಟೌನ್‌ನಲ್ಲಿ ಲೋವರ್ ವ್ಯಾಕರ್ ಡ್ರೈವ್ ಅಂತ ಒಂದು ರಸ್ತೆ ಇದೆ, ಮೇಲಿನ ರಸ್ತೆಯ ಅಡಿಯಲ್ಲೇ ಸುರಂಗದ ಹಾಗೆ ಹೋಗುತ್ತೆ. ಅಲ್ಲಿ ಕಂಬದ ಮಗ್ಗುಲಿಗೆ ರಟ್ಟು, ಕಂಬಳಿ ಹಾಸಿ ಮಲಗಿರುವವರನ್ನು ಕಾರಿನಿಂದಲೇ ನೋಡಿದೆ. ಕಾಲು ಬಾತಿರುವವರು, ಮುದುಕರು, ತಮ್ಮಷ್ಟಕ್ಕೆ ಮಾತಾಡಿಕೊಳ್ಳುವವರು. ಇವರು ಗೋಡೌನಿನಲ್ಲಿ 40 ಗಂಟೆ ಬಟ್ಟೆ ವಿಂಗಡಿಸುವುದು ಎಲ್ಲಿಂದ ಬಂತು? ಅಂಥವರಿಗೆ ಬೇರೆ ಬಾಗಿಲುಗಳಿವೆ. 1877ರಿಂದ ನಡೆಯುತ್ತಿರುವ ಪೆಸಿಫಿಕ್ ಗಾರ್ಡನ್ ಮಿಷನ್ ಈಗ ಕೆನಾಲ್ ಸ್ಟ್ರೀಟಿನ ದೊಡ್ಡ ಕಟ್ಟಡದಲ್ಲಿದೆ. ರಾತ್ರಿ ಮಲಗಲು ಜಾಗ, ಊಟ, ಜೊತೆಗೆ ಅಲ್ಲೂ ಸುವಾರ್ತೆ. ಚಳಿ ಸೊನ್ನೆಗಿಂತ ಕೆಳಗಿಳಿದ ರಾತ್ರಿ ಅಂಥ ಬಾಗಿಲು ತೆರೆದಿದ್ದರೆ ಒಳಗೆ ಯಾವ ಹಾಡು ಹಾಡಿಸುತ್ತಾರೆ ಅನ್ನುವುದನ್ನು ನಾನಂತೂ ಕೇಳುವುದಿಲ್ಲ.

ನವೆಂಬರ್ ಬಂತೆಂದರೆ ಜ್ಯೂವೆಲ್ ಅನ್ನುವ ದಿನಸಿ ಅಂಗಡಿಗಳ ಮುಂದೆ ಕೆಂಪು ಕೊಪ್ಪರಿಗೆ ಇಟ್ಟುಕೊಂಡು ಗಂಟೆ ಆಡಿಸುತ್ತಾ ಸಾಲ್ವೇಶನ್ ಆರ್ಮಿಯವರು ನಿಲ್ಲುತ್ತಾರೆ. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೋಸೆಫ್ ಮೆಕ್‌ಫೀ ಅನ್ನುವ ಕ್ಯಾಪ್ಟನ್ ಬಡವರ ಕ್ರಿಸ್‌ಮಸ್ ಊಟಕ್ಕೆ ದುಡ್ಡು ಕೂಡಿಸಲು ಕಂಡುಹಿಡಿದ ಉಪಾಯ ಅದು. ಈ ಕಡೆಯದೇ ಕ್ರಿಸ್ಟಲ್ ಲೇಕ್ ಊರಿನಲ್ಲಿ 1982ರಲ್ಲಿ ಯಾರೋ ಹೆಸರು ಹೇಳದೆ ಕೊಪ್ಪರಿಗೆಗೆ ಚಿನ್ನದ ನಾಣ್ಯ ಹಾಕಿ ಹೋದರು, ಆಮೇಲೆ ಅದು ಬೇರೆ ಊರುಗಳಿಗೂ ಹಬ್ಬಿತು. ನಾನು ಹಾಕಿದ್ದು ಐದು ಡಾಲರ್, ಮೇಲೆ ಆ 41 ಸೆಂಟ್. ಗಂಟೆ ಆಡಿಸುತ್ತಿದ್ದ ಹುಡುಗಿಗೆ ಆರ್.ಡಿ. ವಿಚಾರ ವಿವರಿಸಲು ಹೊರಟೆ. ಸೊಸೆ "ಅತ್ತೆ, ಐಸ್‌ಕ್ರೀಮ್ ಕರಗುತ್ತೆ" ಅಂತ ಕೈ ಹಿಡಿದು ಎಳೆದುಕೊಂಡು ಬಂದಳು.

ಅಂಗಡಿಗೆ ಐದಕ್ಕೆ ನಾಲ್ಕು ನಕ್ಷತ್ರ. ಅದರ ಹಿಂದಿನ ಏರ್ಪಾಡಿಗೆ ಮೂರು, ಆರ್.ಡಿ. ಶುರುಮಾಡಿದ ದಿನ ನಾಲ್ಕೂವರೆ ಮಾಡುತ್ತೇನೆ. ಸಾಮಾನು ಕೊಡುವವರು ಒಗೆದು, ಮಡಿಸಿ ಕೊಡಿ. ಕಿತ್ತುಹೋದದ್ದನ್ನು ತುಂಬಿಸಿ ಕಳಿಸಿದರೆ ಅದನ್ನು ಎಸೆಯುವ ಖರ್ಚು ಅವರ ತಲೆ ಮೇಲೆ. ಚೆಕ್ಕು ಬರೆಯುವವರು ಯಾವ ಕೆಲಸಕ್ಕೆ ಅಂತ ಕೆಳಗೆ ನಮೂದಿಸಿ. ಭಾನುವಾರ ಹೋಗಬೇಡಿ, ಅಂಗಡಿ ಮುಚ್ಚಿರುತ್ತೆ.